ಶಾಬಾಸ್‌ಗಿರಿಯೇ ಸಂಬಳ

ಹಿಂದೆ ಅರಮನೆಯಲ್ಲಿ ಬಹುಪರಾಕು ಹೇಳುವುದೇ ಒಂದು ಉದ್ಯೋಗವಾಗಿತ್ತು. ಮೀಸೆ ತಿದ್ದಿಕೊಂಡು, ಗಂಟಲು ಸರಿಮಾಡಿಕೊಂಡು ದರ್ಬಾರಿಗೆ ಹೋಗಿ ದೊರೆಯನ್ನು ಹೊಗಳಿದರೆ ಹೊಟ್ಟೆಪಾಡು ನಡೆಯುತ್ತಿತ್ತು. ಹೊಗಳುವವನು ನೌಕರ, ಕಾಸು ಬಿಚ್ಚುವವನು ದೊರೆ. ಈಗ ಕಾಲ ತಿರುಗಿದೆ. ದೊರೆಯೇ ಎದ್ದು ನಿಂತು ನೌಕರನಿಗೆ ಪರಾಕು ಹೇಳುತ್ತಾನೆ. ಅದರ ಖರ್ಚನ್ನು ನೌಕರನ ಇನ್‌ಕ್ರಿಮೆಂಟಿನಲ್ಲಿ ಮುರಿದುಕೊಳ್ಳುತ್ತಾನೆ.

ನಮ್ಮ ಕಚೇರಿಗೆ ಈ ಪದ್ಧತಿ ಬಂದದ್ದು ಒಂದು ತರಬೇತಿಯ ಮೂಲಕ. ಮ್ಯಾನೇಜರುಗಳನ್ನೆಲ್ಲ ಊರಾಚೆಯ ರೆಸಾರ್ಟಿಗೆ ಕರೆದೊಯ್ದು, ಸಿಬ್ಬಂದಿಯನ್ನು ಮೆಚ್ಚುವುದು ಹೇಗೆ ಎಂದು ಎರಡು ದಿನ ಕಲಿಸಿದರು. ಸೋಮವಾರ ನಮ್ಮ ಸಾಹೇಬರು ಲಿಫ್ಟಿನಿಂದ ಇಳಿಯುವಾಗಲೇ ಶುರುಮಾಡಿಕೊಂಡರು. ಸೆಕ್ಯುರಿಟಿಯವನಿಗೆ "ಎಕ್ಸಲೆಂಟ್", ಕಾಫಿ ತಂದವನಿಗೆ "ಸೂಪರ್ಬ್", ನನಗೆ "ಹೋದ ವಾರದ ಕೆಲಸ ಅದ್ಭುತ!" ನಾನು ಹದಿನೈದು ದಿನದ ರಜೆ ಮುಗಿಸಿ ಆಗತಾನೇ ಬಂದು ಕೂತಿದ್ದೆ. ನಾನಿಲ್ಲದ ವಾರ ಅಷ್ಟು ಅದ್ಭುತವಾಗಿತ್ತೇ ಎಂದು ಒಳಗೊಳಗೇ ಹೆದರಿದೆ.

ತಪ್ಪು ಸಾಹೇಬರದಲ್ಲ, ಅರ್ಧ ಓದಿದ್ದರದು. ಕೆನೆತ್ ಬ್ಲಾಂಚರ್ಡ್ ಮತ್ತು ಸ್ಪೆನ್ಸರ್ ಜಾನ್ಸನ್ 1982ರಲ್ಲಿ ಬರೆದ 'ದಿ ಒನ್ ಮಿನಿಟ್ ಮ್ಯಾನೇಜರ್' ಇಂಥವರ ಪಂಚಾಂಗ. ಹೊಗಳುವುದಾದರೆ ತಡಮಾಡಬೇಡಿ, ಆ ಮನುಷ್ಯ ಯಾವ ಕೆಲಸವನ್ನು ಸರಿಯಾಗಿ ಮಾಡಿದ ಎಂದು ಬಿಡಿಸಿ ಹೇಳಿ ಎನ್ನುತ್ತದೆ ಅದು. ಬಿಡಿಸಿ ಹೇಳಬೇಕಾದರೆ ಕೆಲಸವನ್ನು ನೋಡಿರಬೇಕು, ಅದಕ್ಕೆ ಪುರುಸೊತ್ತು ಬೇಕು. ಹಾಗಾಗಿ ನಮ್ಮವರು ಉಳಿದದ್ದನ್ನು ಬಿಟ್ಟು 'ಒಂದು ನಿಮಿಷ'ವನ್ನು ಮಾತ್ರ ಇಟ್ಟುಕೊಂಡರು. ಈಗ ಅದೂ ಉಳಿದಿಲ್ಲ; ವಾಟ್ಸಾಪಿನಲ್ಲಿ ಹೆಬ್ಬೆರಳು ಎತ್ತಲು ಅರೆಕ್ಷಣ ಸಾಕು.

ಇನ್ನೊಂದು ಪುರಾಣ ಹಾಥಾರ್ನ್ ಕಾರ್ಖಾನೆಯದು. ಶಿಕಾಗೊ ಪಕ್ಕದ ಈ ಟೆಲಿಫೋನ್ ಉಪಕರಣಗಳ ಕಾರ್ಖಾನೆಯಲ್ಲಿ 1924ರಲ್ಲಿ ಪ್ರಯೋಗ ಶುರುವಾಯಿತು. ದೀಪದ ಬೆಳಕು ಹೆಚ್ಚಿಸಿದರು, ಉತ್ಪಾದನೆ ಏರಿತು. ಬೆಳಕು ತಗ್ಗಿಸಿದರು, ಆಗಲೂ ಏರಿತು ಎಂಬುದು ಕತೆ. ಫಲಶ್ರುತಿ ಏನೆಂದರೆ, ಕೆಲಸಗಾರನಿಗೆ ಬೇಕಾದದ್ದು ಬೆಳಕಲ್ಲ, ನಾಲ್ಕು ಮಂದಿಯ ಗಮನ. ಇದನ್ನು ಕೇಳಿಸಿಕೊಂಡ ಆಡಳಿತ ಮಂಡಳಿಗಳಿಗೆ ಬಲ್ಬಿನ ಖರ್ಚು ಉಳಿಯಿತು. ಪುರಾಣಿಕರು ಹಾರಿಸಿ ಓದುವ ಅಧ್ಯಾಯವೊಂದು ಅಲ್ಲೇ ಇದೆ. 1927ರಲ್ಲಿ ರಿಲೇ ಜೋಡಿಸುವ ಹೆಣ್ಣುಮಕ್ಕಳ ಪುಟ್ಟ ತಂಡವನ್ನು ಬೇರೆ ಕೋಣೆಯಲ್ಲಿ ಕೂರಿಸಿದರು. ಅವರಿಗೆ ಗಮನದ ಜೊತೆಗೆ ನಡುನಡುವೆ ವಿಶ್ರಾಂತಿ ಸಿಕ್ಕಿತು, ಕೆಲಸದ ಹೊತ್ತು ಕಡಿಮೆಯಾಯಿತು, ತಂಡದ ದುಡಿಮೆಗೆ ತಕ್ಕ ಕೂಲಿಯೂ ಸಿಕ್ಕಿತು. 1928ರಲ್ಲಿ ಅವರಲ್ಲಿ ಇಬ್ಬರನ್ನು, ಮಾತು ಜಾಸ್ತಿ ಎಂಬ ದೂರಿನ ಮೇಲೆ, ಕೋಣೆಯಿಂದ ಹೊರಹಾಕಿದರು. ನಮ್ಮ ತರಬೇತಿಯಲ್ಲಿ ಕೂಲಿಯ ಸುದ್ದಿಯೂ ಬರಲಿಲ್ಲ, ಆ ಇಬ್ಬರ ಸುದ್ದಿಯೂ ಬರಲಿಲ್ಲ. ಕೇಳಿದ್ದರೆ ನಮ್ಮ ಮಾತೂ ಜಾಸ್ತಿಯಾಗುತ್ತಿತ್ತು.

ಹೊಗಳಿಕೆಗೆ ಕಚೇರಿಯಲ್ಲಿ ಒಂದು ವೇಳಾಪಟ್ಟಿ ಇದೆ. ತೆಗಳಿಕೆ ಬರುವುದು ಈಮೇಲಿನಲ್ಲಿ, ನಾಲ್ವರಿಗೆ ಪ್ರತಿ ಕಳಿಸಿ, ದಾಖಲೆಯಾಗಿ. ಹೊಗಳಿಕೆ ಬರುವುದು ಬಾಯಲ್ಲಿ, ಅದೂ ಶುಕ್ರವಾರ ಸಂಜೆ ಆರರ ಮೇಲೆ. "ನೀವಿಲ್ಲದಿದ್ರೆ ಈ ಪ್ರಾಜೆಕ್ಟೇ ಇಲ್ಲ ನೋಡಿ" ಎಂದು ಫೋನಿನಲ್ಲಿ ಶುರುವಾಗುತ್ತಲೇ ನನ್ನ ಹೆಂಡತಿ ಅಡುಗೆಮನೆಯಿಂದ ಕೂಗುತ್ತಾಳೆ: "ಹೊಗಳ್ತಿದಾರಾ? ಹಾಗಾದ್ರೆ ಭಾನುವಾರಾನೂ ಹೋಯ್ತು ಬಿಡಿ." ಏಪ್ರಿಲಿನಲ್ಲಿ ಸಂಬಳದ ಮಾತೆತ್ತಿದರೆ ಸಾಹೇಬರು ನನ್ನ ಬೆನ್ನ ಮೇಲೆ ಕೈಯಿಟ್ಟು, "ನಿಮ್ಮಂಥವರು ದುಡ್ಡಿಗೋಸ್ಕರ ಕೆಲಸ ಮಾಡೋರಲ್ಲ ಅಂತ ನನಗೆ ಗೊತ್ತು" ಎನ್ನುತ್ತಾರೆ. ಇಷ್ಟು ದೊಡ್ಡ ಸರ್ಟಿಫಿಕೇಟು ಕೊಟ್ಟ ಮೇಲೆ ಬಾಡಿಗೆ, ಸ್ಕೂಲ್ ಫೀಸು ಎಂದೆಲ್ಲ ಬಾಯಿಬಿಟ್ಟರೆ ನಮ್ಮ ಮರ್ಯಾದೆಯೇ ಹೋಗುತ್ತದಲ್ಲ!

ಹೊಗಳಿಕೆಯನ್ನು ಹೊನ್ನಶೂಲಕ್ಕೆ ಹೋಲಿಸಿದವರು ಬಸವಣ್ಣ. ಬಿಜ್ಜಳನ ಭಂಡಾರ ನೋಡಿಕೊಂಡವರು, ಕಚೇರಿಯ ಒಳಹೊರಗು ಬಲ್ಲವರು. ಹನ್ನೆರಡನೇ ಶತಮಾನದಲ್ಲಿ ಶೂಲವಾದರೂ ಚಿನ್ನದ್ದು. ನಮ್ಮ ಶೂಲ ಪಾಯಿಂಟಿನದು. ಒಬ್ಬರಿಗೊಬ್ಬರು ಶಾಬಾಸ್ ಕೊಟ್ಟುಕೊಳ್ಳುವುದಕ್ಕೆ ಒಂದು ಆ್ಯಪ್ ಇದೆ. 500 ಪಾಯಿಂಟು ಕೂಡಿಟ್ಟರೆ ಒಂದು ಕಾಫಿ ಮಗ್ಗು. ಅದರ ಮೇಲೆ ಇರುವುದು ಕಂಪನಿಯ ಹೆಸರು, ನಮ್ಮದಲ್ಲ.

ಸರ್ಕಾರಿ ಕಚೇರಿಯವರು ಇಷ್ಟು ಚಿಲ್ಲರೆ ಕೆಲಸ ಮಾಡುವುದಿಲ್ಲ. ಮೂವತ್ತೈದು ವರ್ಷದ ಹೊಗಳಿಕೆಯನ್ನು ಬಡ್ಡಿಯಿಲ್ಲದೆ ಕೂಡಿಟ್ಟು ನಿವೃತ್ತಿಯ ದಿನ ಒಂದೇ ಕಂತಿನಲ್ಲಿ ತೀರಿಸುತ್ತಾರೆ: ಮೈಸೂರು ಪೇಟ, ಶಾಲು, ಹಾವೇರಿಯ ಏಲಕ್ಕಿ ಹಾರ, ಫಲತಾಂಬೂಲ. ಮಗಳ ಮದುವೆಗೆ ರಜೆ ಕೊಡದಿದ್ದ ಅಧಿಕಾರಿಯೇ ಮೈಕು ಹಿಡಿದು, "ಇವರಿಲ್ಲದ ಕಚೇರಿಯನ್ನು ಊಹಿಸಲೂ ಸಾಧ್ಯವಿಲ್ಲ" ಎಂದು ಗದ್ಗದಿತರಾಗುತ್ತಾರೆ. 2021ರಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಸರ್ಕಾರಿ ಸಮಾರಂಭಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಬೇಡ, ಕನ್ನಡ ಪುಸ್ತಕ ಕೊಡಿ ಎಂದಿದ್ದರು. ಒಳ್ಳೆಯ ಮಾತೇ. ಪಿಂಚಣಿಯ ಕಡತ ಮೇಜಿನಿಂದ ಮೇಜಿಗೆ ತೆವಳುವಷ್ಟು ಕಾಲ ಓದಲು ಏನಾದರೂ ಬೇಕಲ್ಲ.

ಹಾಗಂತ ಮೆಚ್ಚುಗೆ ಯಾರಿಗೆ ಬೇಡ? ಹಿಂದೆ ನಾನು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುತ್ತಿದ್ದಾಗ ಅಲ್ಲಿ ಒಬ್ಬ ಹಿರಿಯರಿದ್ದರು. ನಕ್ಕರೆ ಶಾಯಿ ಖರ್ಚಾದೀತು ಎಂಬಂಥ ಮುಖ. ಒಂದು ಸಂಜೆ ಕರಡಿನ ಕಟ್ಟು ಹಿಡಿದು ಬಂದು, "ನಲವತ್ತನೇ ಪುಟದಲ್ಲಿ 'ಹೊಳೆ' ಅನ್ನೋದು 'ಹೊಲೆ' ಆಗಿತ್ತು. ನಾನೂ ಬಿಟ್ಟಿದ್ದೆ. ನೀನು ಹಿಡ್ದೆ" ಎಂದು ಹೇಳಿ ಹೋದರು. ಅಷ್ಟೇ. ಶಾಲಿಲ್ಲ, ಪಾಯಿಂಟಿಲ್ಲ. ಆ ತಿಂಗಳು ಕೂಲಿಗೆ ಐವತ್ತು ರೂಪಾಯಿ ಸೇರಿತ್ತು. ಸೇರಿಸಿದ್ದು ಅವರೇ ಎಂದು ತಿಳಿಯಲು ನನಗೆ ವರ್ಷ ಹಿಡಿಯಿತು. ಅವರು ಯಾವ ರೆಸಾರ್ಟಿಗೂ ಹೋದವರಲ್ಲ, ನಲವತ್ತನೇ ಪುಟವನ್ನು ಓದಿದವರು.

ಪುಟ ಓದದೆ ಪರಾಕು ಹೇಳುವುದರಲ್ಲಿ ನಮ್ಮ ಸಾಹೇಬರು ಇನ್ನೂ ಎಳಸು. ಈ ವಿದ್ಯೆಯ ದೊಡ್ಡ ಉಸ್ತಾದ ಸರ್ಕಾರ. 2005ರಲ್ಲಿ ಶುರುವಾದ ಯೋಜನೆಯಲ್ಲಿ ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯರನ್ನು ಅದು ನೌಕರರು ಎನ್ನುವುದಿಲ್ಲ, ಸ್ವಯಂಸೇವಕಿಯರು ಎನ್ನುತ್ತದೆ. ಅವರ ಕೈಗೆ ಬರುವುದನ್ನು ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತದೆ. ಎಂಥ ಸಮಾಸ! ಪೂರ್ವಪದ ಎಷ್ಟು ಉಬ್ಬಿದೆಯೋ ಉತ್ತರಪದ ಅಷ್ಟು ಸೊರಗಿದೆ. 2020ರ ಮಾರ್ಚ್ 22ರಂದು ದೇಶವೇ ಬಾಗಿಲಿಗೆ ಬಂದು ಆರೋಗ್ಯ ಕಾರ್ಯಕರ್ತರಿಗಾಗಿ ತಟ್ಟೆ ಬಡಿಯಿತು. ಅದೇ ಜುಲೈನಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಕೊಡಿ ಎಂದು ಮುಷ್ಕರ ಹೂಡಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾ ಕಾರ್ಯಕರ್ತೆಯರಿಗೆಲ್ಲ ಜಾಗತಿಕ ಗೌರವ ಕೊಟ್ಟಿತು. ಹೆಮ್ಮೆಯ ಹೇಳಿಕೆಗಳ ಮಳೆಯಾಯಿತು. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಕೂತಿದ್ದರು. ತಟ್ಟೆ ಬಡಿದ ಸದ್ದು ಎಲ್ಲರಿಗೂ ಕೇಳಿಸಿತ್ತು. ಆ ತಟ್ಟೆಗೆ ಏನು ಬಡಿಸುತ್ತೀರಿ ಎಂದು ಅವರು ಕೇಳಿದ್ದು ಮಾತ್ರ ಗದ್ದಲ ಎನಿಸಿತು.

ಅಂದಹಾಗೆ, ಪರಾಕು ಎಂಬ ಪದಕ್ಕೆ ಹೊಗಳಿಕೆ ಎಂಬುದಷ್ಟೇ ಅರ್ಥವಲ್ಲ, ಎಚ್ಚರಿಕೆ ಎಂಬ ಅರ್ಥವೂ ಉಂಟು. ನಾಳೆ ಶುಕ್ರವಾರ. ಸಂಜೆ ಆರಕ್ಕೆ ಫೋನು ಮೊಳಗಿ ಸಾಹೇಬರ ಹೆಸರು ಬಂದರೆ ಏನು ಅರ್ಥವೆಂದು ನನ್ನ ಹೆಂಡತಿಗೆ ನಿಘಂಟು ನೋಡದೆಯೇ ಗೊತ್ತಿದೆ.