ಹಾಲಿನ ಕ್ಯಾನಿಲ್ಲದ ಇಪ್ಪತ್ತು ಕಿಲೋಮೀಟರು

ಅನುಗೊಂಡನಹಳ್ಳಿಯ ನಮ್ಮ ಕೊಟ್ಟಿಗೆಯಲ್ಲಿ, ಸೀಮೆಹಸುವಿನ ಪಕ್ಕ ಗೋಡೆಗೆ ಒರಗಿಕೊಂಡಿರುವ ಅಟ್ಲಾಸ್ ಸೈಕಲ್ಲಿಗೆ ನಲವತ್ತು ದಾಟಿದೆ. ಅಪ್ಪ ಅದನ್ನು 1984ರಲ್ಲಿ ಹೊಸಕೋಟೆಯಿಂದ ತುಳಿದುಕೊಂಡೇ ಮನೆಗೆ ತಂದದ್ದು. ಕಳೆದ ತಿಂಗಳು ನಾನು, ನಲವತ್ತಾರರ ಪ್ರಾಯದಲ್ಲಿ, ವೈಟ್‌ಫೀಲ್ಡಿನ ಕಚೇರಿಯಲ್ಲಿ ಹದಿನೆಂಟು ವರ್ಷ ಕೂತು ಸಂಪಾದಿಸಿದ ಹೊಟ್ಟೆಯ ಸಮೇತ, ಮೊದಲ ಸಲ ಸ್ಪ್ರಿಂಟ್ ಟ್ರಯಥ್ಲಾನ್‌ಗೆ ಇಳಿದೆ. 750 ಮೀಟರ್ ಈಜು, ಅದರ ಬಾಲಕ್ಕೆ 20 ಕಿಲೋಮೀಟರ್ ಸೈಕಲ್, ಅದರ ಬಾಲಕ್ಕೆ 5 ಕಿಲೋಮೀಟರ್ ಓಟ. ಮುಗಿಸಿ ಬಂದ ಮೇಲೆ ಊರಲ್ಲಿ ಯಾರಾದರೂ ವಿಚಾರಿಸಿಯಾರು ಎಂದು ಕಾದೆ. ಯಾರೂ ವಿಚಾರಿಸಲಿಲ್ಲ. ಕೊನೆಗೆ, ಅವತ್ತು ಜೊತೆಗಿದ್ದ ಒಂದೇ ಒಂದು ಸಾಕ್ಷಿಯನ್ನು ನಾನೇ ಮಾತಿಗೆಳೆದೆ.

ನಾನು: ನಮಸ್ಕಾರ. ತಮ್ಮ ಮೊದಲ ಟ್ರಯಥ್ಲಾನ್ ಅನುಭವ ಹೇಗಿತ್ತು?

ಸೈಕಲ್: ತಾವು ಗೀವು ಬೇಡ. ನಿನ್ನನ್ನ ಬಾರಿನ ಮೇಲೆ ಟವಲ್ ಸುತ್ತಿ ಕೂರಿಸ್ಕೊಂಡು ಶಾಲೆಗೆ ಬಿಟ್ಟು ಬಂದೋನು ನಾನು. ಮೊದಲು ಸ್ಟ್ಯಾಂಡಿನ ವಿಷಯ ಮಾತಾಡು.

ನಾನು: ಅದನ್ನು ಕೊನೆಗೆ ಇಟ್ಟುಕೊಳ್ಳೋಣ.

ಸೈಕಲ್: ಕೊನೆಗೆ ಯಾಕೆ? ರೇಸಿಗೆ ಎಂಟು ದಿನ ಇದೆ ಅನ್ನುವಾಗ ಸ್ಪ್ಯಾನರ್ ಹಿಡ್ಕೊಂಡು ಬಂದೆ. ಕ್ಯಾರಿಯರ್ರು, ಮಡ್‌ಗಾರ್ಡು, ಚೈನ್ ಕವರ್ರು, ಡೈನಮೊ, ಬೆಲ್ಲು, ಸ್ಟ್ಯಾಂಡು, ಒಂದೊಂದೇ ಬಿಚ್ಚಿ ಗೋಣಿಚೀಲಕ್ಕೆ ತುಂಬಿದೆ. ತೂಕ ಇಳಿಸ್ಬೇಕು ಅಂದೆ. ನನ್ನದು ಇಪ್ಪತ್ತು ಕೆಜಿ ಚಿಲ್ಲರೆ ಇತ್ತು, ಹದಿನಾರಕ್ಕೆ ತಂದೆ. ನಿನ್ನದು ಎಂಬತ್ತೆಂಟು ಇತ್ತು. ಅದರಲ್ಲಿ ಏನು ಬಿಚ್ಚಿದೆ?

ನಾನು: ಮುಂದಿನ ಪ್ರಶ್ನೆ. ಈ ಆಟದ ಬಗ್ಗೆ ನಿಮಗೆ ಮೊದಲೇ ತಿಳಿದಿತ್ತಾ?

ಸೈಕಲ್: ಎಲ್ಲಿಂದ ತಿಳೀಬೇಕು? 2024ರ ಅಕ್ಟೋಬರಿನಲ್ಲಿ ನೀನೇ ಮೊಬೈಲ್ ಹಿಡ್ಕೊಂಡು ಅಪ್ಪನ ಮುಂದೆ ಕುಣೀತಿದ್ದೆ. ಬೆಂಗಳೂರು ದಕ್ಷಿಣದ ಎಂಪಿ ತೇಜಸ್ವಿ ಸೂರ್ಯ ಗೋವಾಕ್ಕೆ ಹೋಗಿ 1.9 ಕಿಲೋಮೀಟರ್ ಈಜಿ, 90 ಕಿಲೋಮೀಟರ್ ಸೈಕಲ್ ತುಳಿದು, 21.1 ಕಿಲೋಮೀಟರ್ ಓಡಿದರು, ಎಂಟೂವರೆ ಗಂಟೆ ಒಳಗೇ ಮುಗಿಸಿದರು ಅಂತ. ಅಪ್ಪ ಎಲೆಗೆ ಸುಣ್ಣ ಸವರ್ತಾ, ‘ಯಾಕೆ, ಗಾಡಿ ಕೆಟ್ಟೋಗಿತ್ತಾ?’ ಅಂದ್ರು.

ನಾನು: ಇಂಥ ಉದ್ದನೆಯ ಪಂದ್ಯದ ಮೂಲ ಗೊತ್ತಾದರೆ ನಿಮಗೂ ಗೌರವ ಬರುತ್ತೆ. ಹವಾಯಿಯಲ್ಲಿ ಈಜುವವರು ಗಟ್ಟಿಯೋ, ಓಡುವವರು ಗಟ್ಟಿಯೋ, ಸೈಕಲ್ಲಿನವರು ಗಟ್ಟಿಯೋ ಅಂತ ವಾದ ಬಿತ್ತು. ಜಾನ್ ಕಾಲಿನ್ಸ್ ಅನ್ನೋ ನೌಕಾಪಡೆ ಅಧಿಕಾರಿ, ಮೂರನ್ನೂ ಒಂದೇ ದಿನ ಮಾಡಿ ನೋಡೇ ಬಿಡೋಣ ಅಂದರು. 1978ರ ಫೆಬ್ರವರಿಯಲ್ಲಿ ಹದಿನೈದು ಜನ ಹೊರಟರು, ಹನ್ನೆರಡು ಜನ ಮುಗಿಸಿದರು. ಅದೇ ಮೊದಲ ಐರನ್‌ಮ್ಯಾನ್. ಗೆದ್ದವನು ಟ್ಯಾಕ್ಸಿ ಡ್ರೈವರ್. ಎರಡನೆಯವನಿಗೆ ದಾರಿಯಲ್ಲಿ ನೀರು ಮುಗಿದು, ಜೊತೆಗಿದ್ದವರು ಬಿಯರ್ ಕುಡಿಸಿದರಂತೆ.

ಸೈಕಲ್: ಅರಳಿಕಟ್ಟೆ ವಾದ. ನಮ್ಮೂರಲ್ಲೂ ದಿನಾ ಆಗುತ್ತೆ. ನಮ್ಮೋರು ಬಿಯರ್ ಭಾಗ ಮಾತ್ರ ಮುಗಿಸ್ತಾರೆ.

ನಾನು: ಸ್ಪರ್ಧೆಯ ದಿನಕ್ಕೆ ಬರೋಣ.

ಸೈಕಲ್: ಬೆಳಗಿನ ಜಾವ ನಾಲ್ಕಕ್ಕೆ ನನ್ನನ್ನ ಟೊಮೆಟೊ ಹೊಡೆಯೋ ಗೂಡ್ಸ್ ಗಾಡಿಗೆ ಹತ್ತಿಸಿದೆ. ಸೈಕಲ್ ತುಳಿಯೋ ಪಂದ್ಯಕ್ಕೆ ಸೈಕಲ್ಲು ಗಾಡೀಲಿ ಮಲಗಿ ಹೋಗೋದು! ಹೊಸಕೋಟೇಲಿ ಅಷ್ಟು ಹೊತ್ತಿಗೇ ದೀಪ ಉರೀತಿತ್ತು, ಬೆಂಗಳೂರಿನ ಕಾರುಗಳು ಸಾಲಾಗಿ ನಿಂತಿದ್ವು, ಜನ ಕ್ಯೂ ನಿಂತಿದ್ರು. ಅಬ್ಬಾ, ಇಷ್ಟು ಜನ ಓಡೋಕೆ ಬಂದವ್ರೆ ಅಂದ್ಕೊಂಡೆ. ನೋಡಿದ್ರೆ ಬಿರಿಯಾನಿ ಕ್ಯೂ. ಭಾನುವಾರ ಕತ್ತಲಲ್ಲೇ ಎದ್ದು ಕಷ್ಟ ಪಡೋರಲ್ಲಿ ಎರಡು ಪಂಗಡ ಇದೆ ಅಂತ ಅವತ್ತು ತಿಳೀತು. ನೀನು ಗಾಡಿ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಆ ಪಂಗಡವನ್ನೇ ನೋಡ್ತಿದ್ದೆ.

ನಾನು: ಸ್ಥಳ ತಲುಪಿದ ಮೇಲೆ?

ಸೈಕಲ್: ಒಬ್ಬ ಹುಡುಗ ಸ್ಕೆಚ್ ಪೆನ್ ತಗೊಂಡು ನಿನ್ನ ತೋಳಿಗೆ ನಂಬರು, ಮೀನಖಂಡಕ್ಕೆ ವಯಸ್ಸು ಬರೆದ. ಜಾತ್ರೆ ದನಗಳಿಗೆ ಹಲ್ಲು ನೋಡಿ ವಯಸ್ಸು ಹೇಳ್ತಾರೆ. ಮನುಷ್ಯರಿಗೆ ಕಾಲ ಮೇಲೇ ಬರೆದಿರ್ತಾರೆ, ಹಿಂದೆ ಬರೋರು ಓದ್ಕೊಳ್ಳಲಿ ಅಂತ. ನಿನ್ನದನ್ನ ಓದೋಕೆ ಹಿಂದೆ ಯಾರೂ ಇರಲಿಲ್ಲ, ಆ ಮಾತು ಬಿಡು. ಆಮೇಲೆ ನನ್ನನ್ನ ತಗೊಂಡೋಗಿ ಒಂದು ಕಬ್ಬಿಣದ ಗಳಕ್ಕೆ ಸೀಟಿನ ಮೂತಿಯಿಂದ ನೇತುಹಾಕಿದೆ, ಮಟನ್ ಅಂಗಡೀಲಿ ತೊಡೆ ನೇತುಹಾಕೋ ಹಾಗೆ. ಆ ಜಾಗಕ್ಕೆ ಟ್ರಾನ್ಸಿಷನ್ ಅಂತಾರಂತೆ. ಬಟ್ಟೆ ಬದಲಾಯಿಸೋ ಜಾಗಕ್ಕೆ ಎಂಥಾ ಹೆಸರು!

ನಾನು: ಅಕ್ಕಪಕ್ಕದವರು?

ಸೈಕಲ್: ಎಲ್ಲಾ ಕಾರ್ಬನ್ನು. ಏಳೆಂಟು ಕೆಜಿ ಮೇಲೆ ಒಂದೂ ಇಲ್ಲ. ಜೋರಾಗಿ ಗಾಳಿ ಬೀಸಿದ್ರೆ ಹಿಡ್ಕೋಬೇಕು. ಪಕ್ಕದ ಒಂದು ಮಾತ್ರ ಮರ್ಯಾದಸ್ಥ. ‘ಅಂಕಲ್, ನಿಮ್ಮ ಕಂಪನಿ ಯಾವುದು, ಸರ್ವಿಸ್ ಎಲ್ಲಿ ಮಾಡಿಸ್ತೀರಾ?’ ಅಂತ ಕೇಳ್ತು. ನಮ್ಮ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ಕ್ಕೆ ಕದ ಹಾಕ್ತು ಕಣಮ್ಮ, ಅವತ್ತು ವಿಶ್ವ ಸೈಕಲ್ ದಿನ ಅಂದೆ. ನಗೋದೋ ಅಳೋದೋ ತಿಳೀದೆ ಸುಮ್ಮನಾಯ್ತು. ಹಾಲು ಎಷ್ಟು ಲೀಟರ್ ಹೊರ್ತೀಯ ಅಂತ ನಾನು ಕೇಳಿದೆ. ಪಾಪ, ಅದಕ್ಕೆ ಕ್ಯಾರಿಯರ್ ಅನ್ನೋ ಪದವೇ ಗೊತ್ತಿರಲಿಲ್ಲ.

ನಾನು: ನನ್ನ ಈಜು ನಿಮಗೆ ಕಾಣಿಸುತ್ತಿತ್ತಾ?

ಸೈಕಲ್: ಕಾಣಿಸಲಿಲ್ಲ, ಕೇಳಿಸ್ತು. ಇಪ್ಪತ್ತೈದು ಮೀಟರಿನ ಕೊಳ, ಮೂವತ್ತು ಸಲ ಆ ಗೋಡೆಗೂ ಈ ಗೋಡೆಗೂ. ನೀನು ಈಜು ಕಲಿತದ್ದು ತಾತನ ಬಾವೀಲಿ, ಬೆನ್ನಿಗೆ ಸೋರೆಬುರುಡೆ ಕಟ್ಕೊಂಡು. ಬಾವೀಲಿ ಈಜಿದೋನಿಗೆ ದುಂಡಗೆ ಸುತ್ತೋದು ಬರುತ್ತೆ, ನೆಟ್ಟಗೆ ಹೋಗೋದು ಬರಲ್ಲ. ನೀರುಹಾವು ಬಂದೀತು ಅಂತ ತಲೆ ಮೇಲೆತ್ಕೊಂಡೇ ಇರ್ಬೇಕು. ಆ ಬಾವಿ ಬತ್ತಿ ಮೂವತ್ತು ವರ್ಷ ಆಯ್ತು. ಬೋರ್‌ವೆಲ್ಲು ಸಾವಿರ ಅಡಿ ದಾಟಿದ್ರೂ ನಿನ್ನ ಕತ್ತು ಮಾತ್ರ ಇನ್ನೂ ಹಾವು ಹುಡುಕ್ತಾ ಇದೆ. ಲೆಕ್ಕ ಇಡೋ ಹುಡುಗಿ ‘ಸರ್, ಲೇನ್! ಸರ್, ಲೇನ್!’ ಅಂತ ಕೂಗ್ತಾನೇ ಇದ್ಲು.

ನಾನು: ನೀರಿನಿಂದ ಮೇಲೆ ಬಂದ ಮೇಲೆ ಸಮಯ ಉಳಿಸಿದೆ ಅಲ್ಲವೇ?

ಸೈಕಲ್: ಒಲಿಂಪಿಕ್ಸ್‌ನೋರು ಒಂದು ನಿಮಿಷಕ್ಕೆ ಮುಂಚೆ ಸೈಕಲ್ ಎತ್ಕೊಂಡು ಹೋಗ್ತಾರೆ ಅಂತ ಪಕ್ಕದ ಕಾರ್ಬನ್ನು ಹೇಳಿತ್ತು. ನೀನು ಕೂತು ಕಾಲ್ಬೆರಳ ಸಂದು ಒರೆಸಿದೆ. ಒದ್ದೆ ಕಾಲಿಗೆ ಸಾಕ್ಸ್ ಏರದೆ ಅದರ ಜೊತೆ ಜಗಳ ಆಡಿದೆ. ಬಾಳೆಹಣ್ಣು ತಿಂದು, ಸಿಪ್ಪೆ ಹಾಕೋಕೆ ಕಸದ ಬುಟ್ಟಿ ಹುಡುಕಿದೆ. ತಲೆ ಬಾಚಿದೆ. ಆಮೇಲೆ ಅದರ ಮೇಲೆ ಹೆಲ್ಮೆಟ್ ಹಾಕಿದೆ. ಪಟ್ಟಿ ಬಿಗಿಯದೆ ನನ್ನನ್ನ ಮುಟ್ಟಿದೆ ಅಂತ ಅಲ್ಲಿದ್ದೋರು ಸೀಟಿ ಊದಿದ್ರು. ಅವರ ನಿಯಮ ಹಾಗೆ: ಮೊದಲು ಪಟ್ಟಿ, ಆಮೇಲೆ ಸೈಕಲ್ಲು. ಒಟ್ಟು ಒಂಬತ್ತು ನಿಮಿಷ.

ನಾನು: ಆದರೆ ಹತ್ತಿದ ರೀತಿ? ಅದನ್ನೂ ಹೇಳಬೇಕು.

ಸೈಕಲ್: ಅದನ್ನ ಒಪ್ಕೋತೀನಿ. ಕಾರ್ಬನ್ನಿನೋರು ಗೆರೆ ಹತ್ರ ನಿಂತು, ಬಗ್ಗಿ, ಶೂ ಕ್ಲಿಪ್ಪು ಹುಡುಕ್ತಾ ಇದ್ರು. ನೀನು ಎಡಗಾಲು ಪೆಡ್ಲಿಗಿಟ್ಟು ನಾಲ್ಕು ಸಲ ನೆಲ ಒದ್ದು, ಚಂಗನೆ ಹಾರಿ ಕೂತೆ. ಥೇಟ್ ಡೈರಿಗೆ ತಡ ಆದಾಗ ನಿಮ್ಮಪ್ಪ ಹತ್ತುತ್ತಿದ್ದ ಹಾಗೆ. ಪೇಟೆ ಹುಡುಗರು ಚಪ್ಪಾಳೆ ಹೊಡೆದ್ರು. ಇದನ್ನ ಕಲಿಯೋಕೆ ದೊಡ್ಡ ದೊಡ್ಡ ಆಟಗಾರರೇ ತಿಂಗಳುಗಟ್ಟಲೆ ಒದ್ದಾಡ್ತಾರಂತೆ. ಆದ್ರೆ ನೀನು ಹತ್ತಿದ್ದು ಗೆರೆಗಿಂತ ಎರಡು ಮಾರು ಈಚೆಗೇ. ಇಳಿಸಿ, ತಳ್ಕೊಂಡು ಗೆರೆ ದಾಟಿ ಮತ್ತೆ ಹತ್ತು ಅಂದ್ರು. ಎರಡನೇ ಸಲ ಆ ಹಾರಾಟ ಬರಲಿಲ್ಲ.

ನಾನು: ರಸ್ತೆಯಲ್ಲಿ?

ಸೈಕಲ್: ಹಿಂದಿನಿಂದ ಯಾರೋ ‘ರೈಟ್! ರೈಟ್!’ ಅಂದ್ರು. ಬಸ್ಸಿನ ಕಂಡಕ್ಟ್ರು ಅಂದ್ಕೊಂಡು ನೀನು ಜೋರಾಗಿ ತುಳಿದೆ. ಅದು ಬಲಗಡೆಯಿಂದ ಮುಂದೆ ಹೋಗ್ತೀನಿ, ದಾರಿ ಬಿಡು ಅನ್ನೋ ಕೂಗಂತೆ. ಅವರು ‘ರೈಟ್’ ಅಂದಷ್ಟೂ ನೀನು ತುಳಿದೆ. ಎರಡು ಕಿಲೋಮೀಟರಿಗೆ ನಿನ್ನ ಕಸುವು ಅಲ್ಲೇ ಮುಗೀತು. ಇನ್ನೊಂದು ನಿಯಮ ಇದೆ, ಮುಂದಿನ ಸೈಕಲ್ಲಿನ ಗಾಳಿಮರೇಲಿ ಹೋಗಬಾರದು, ಹತ್ತು ಮೀಟರ್ ಅಂತರ ಬಿಡಬೇಕು. ನಾವು ಎಲ್ಲರಿಗೂ ಒಂದೊಂದು ಮೈಲಿ ಬಿಟ್ಟಿದ್ವಿ. ನಮ್ಮ ಹಿಂದಿದ್ದ ಆಂಬುಲೆನ್ಸು ಮಾತ್ರ ಹತ್ತು ಮೀಟರ್ರೂ ಬಿಡ್ಲಿಲ್ಲ.

ನಾನು: ಖುಷಿಯ ಕ್ಷಣ ಒಂದೂ ಇರಲಿಲ್ಲವಾ?

ಸೈಕಲ್: (ತುಸು ಹೊತ್ತು ಮೌನ. ಹಸು ಒಂದು ಸಲ ಬಾಲ ಬೀಸಿತು.) ನನ್ನ ಎದೆ ಮೇಲಿನ ಬಿಲ್ಲೆ ನೋಡಿದ್ದೀಯಲ್ಲ, ಭೂಮಿ ಹೊತ್ತೋನ ಚಿತ್ರ? ನಾನು ಹುಟ್ಟಿದ್ದೇ ಹೊರೋಕೆ. ಹಾಲಿನ ಕ್ಯಾನು, ರಾಗಿ ಮೂಟೆ, ಹಸಿ ಹುಲ್ಲು, ಗ್ಯಾಸ್ ಸಿಲಿಂಡರ್, ಒಂದು ರಾತ್ರಿ ಹೆರಿಗೆ ನೋವು ಬಂದ ನಿಮ್ಮಮ್ಮ. ನಿಮ್ಮಪ್ಪ ಸುಮ್ಮಸುಮ್ಮನೆ ನನ್ನನ್ನ ಹತ್ತಿದ್ದು ನೆನಪಿಲ್ಲ. ಅವತ್ತು ಹನ್ನೊಂದನೇ ಕಿಲೋಮೀಟರಿನ ಹತ್ರ ನೀಲಗಿರಿ ತೋಪು ಬಂತು, ರಸ್ತೆ ಇಳಿಜಾರು, ಗಾಳಿ ಹಿಂದಿನಿಂದ. ಬೆನ್ನ ಮೇಲೆ ಏನೂ ಇಲ್ಲ. ಏನೋ ಬೀಳಿಸಿಬಿಟ್ವಾ ಅಂತ ಗಾಬರಿ ಆಗಿ ಎರಡು ಸಲ ಹಿಂದೆ ನೋಡಿದೆ. ಆಮೇಲೆ ನೋಡ್ಲಿಲ್ಲ. ನೀನೂ ತುಳಿಯೋದು ಬಿಟ್ಟು ಬಾಯಿ ತೆರ್ಕೊಂಡು ಕೂತಿದ್ದೆ. ಆಂಬುಲೆನ್ಸಿನೋರು ಏನಾಯ್ತೋ ಅಂತ ಹಾರ್ನ್ ಹೊಡೆದ್ರು.

ನಾನು: ಆದರೆ ಇಪ್ಪತ್ತು ಕಿಲೋಮೀಟರ್ ತುಳಿದು...

ಸೈಕಲ್: ಹೊರಟ ಜಾಗಕ್ಕೇ ವಾಪಸ್. ಅದೊಂದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ನಾನು: ಸೈಕಲ್ ಇಳಿದು ಓಡುವಾಗ ಕಾಲು ನನ್ನದೇ ಅನ್ನಿಸಲಿಲ್ಲ. ಅದಕ್ಕೆ ಮೊದಲೇ ಅಭ್ಯಾಸ ಮಾಡಬೇಕಂತೆ, ಸೈಕಲ್ ಮುಗಿದ ಕೂಡಲೇ ಓಟ. ಅದನ್ನು ಬ್ರಿಕ್ ಅನ್ನುತ್ತಾರೆ.

ಸೈಕಲ್: ಗೊತ್ತು. ‘ನಾಳೆಯಿಂದ ಬ್ರಿಕ್’ ಅಂತ ನೀನು ಫೋನಲ್ಲಿ ಹೇಳಿದ್ದು ಕೇಳಿ, ಮಾಲೂರಿಂದ ಇಟ್ಟಿಗೆ ಹೊರಿಸ್ತಾನೆ ಅಂತ ರಾತ್ರಿಯೆಲ್ಲಾ ನಿದ್ದೆ ಮಾಡ್ಲಿಲ್ಲ. ಆ ನಾಳೆ ಬರಲೇ ಇಲ್ಲ, ಆ ಮಾತು ಬೇರೆ. ಓಟದ ಕತೆ ನಾನು ನೋಡಿಲ್ಲ, ಮತ್ತೆ ನೇತಾಡ್ತಿದ್ದೆ. ಅಕ್ಕಪಕ್ಕದ ಕಾರ್ಬನ್ನುಗಳೆಲ್ಲ ಒಂದೊಂದಾಗಿ ಕಾರಿನ ಬೆನ್ನೇರಿ ಹೋದ್ವು. ಗಳ ಬಿಚ್ಚೋರು ಬಂದು ನನ್ನೊಬ್ಬನಿಗೋಸ್ಕರ ಒಂದೇ ಒಂದು ಗಳ ಬಿಟ್ಟು ಕಾದ್ರು. ಒಳ್ಳೇ ಹುಡುಗರು. ಆಮೇಲೆ ನೀನು ಬಂದೆ. ಕುಂಟ್ತಾ ಇದ್ದೆ, ಕತ್ತಲ್ಲಿ ಪದಕ ಇತ್ತು, ಯಾರನ್ನೋ ಬಿರಿಯಾನಿ ಅಂಗಡಿ ತೆಗೆದಿದೆಯಾ ಅಂತ ಕೇಳ್ತಿದ್ದೆ.

ನಾನು: ಮುಗಿದುಹೋಗಿತ್ತು.

ಸೈಕಲ್: ಎಲ್ಲಾ ಕಡೆ ತಡ ಮಾಡಿದೋನಿಗೆ ಅಲ್ಲೊಂದು ಕಡೆ ಸಿಗುತ್ತಾ?

ನಾನು: ಮನೆಗೆ ಬಂದಾಗ ಅಪ್ಪ ಜಗಲಿ ಮೇಲೆ ಇದ್ದರು.

ಸೈಕಲ್: ಇದ್ರು. ನನ್ನನ್ನ ಒಂದು ಸುತ್ತು ನೋಡಿ, ಕ್ಯಾರಿಯರ್ ಇದ್ದ ಜಾಗ ಸವರಿ, ‘ಬೆಳಗಿನ ಜಾವ ಹೋದೋನು ಏನು ತಂದೆ?’ ಅಂದ್ರು. ನೀನು ಪದಕ ಕೊಟ್ಟೆ. ಅಂಗೈಲಿ ಇಟ್ಕೊಂಡು ತೂಗಿ ನೋಡಿದ್ರು. ‘ಗೆದ್ದೆಯಾ?’ ಅಂದ್ರು. ಎಲ್ಲರಿಗೂ ಕೊಡ್ತಾರೆ ಅಂದೆ. ‘ಪುಕ್ಕಟೆನಾ?’ ಅಂದ್ರು. ಇಲ್ಲ, ಮೊದಲೇ ಫೀಸ್ ಕಟ್ಟಿರ್ತೀವಿ ಅಂದೆ. ‘ಎಷ್ಟು?’

ನಾನು: ಇದನ್ನು ಇಲ್ಲಿಗೆ ನಿಲ್ಲಿಸಬಹುದು.

ಸೈಕಲ್: ನೀನು ಅವರಿಗೆ ಒಂದು ಲೆಕ್ಕ ಹೇಳಿದೆ. ಒಂದು ಸೊನ್ನೆ ಕಮ್ಮಿ ಇತ್ತು. ರಸೀದಿ ನನ್ನ ಸೀಟಿನ ಕೆಳಗೆ ಸಿಕ್ಕಿಸಿಟ್ಟಿದ್ದೀಯ, ಇನ್ನೂ ಅಲ್ಲೇ ಇದೆ. ಅಪ್ಪ ಇನ್ನೇನು ಹಾಲು ಕರೆಯೋಕೆ ಬರೋ ಹೊತ್ತಾಯ್ತು.

ನಾನು: ಸ್ಟ್ಯಾಂಡು ಯಾವತ್ತು ಹಾಕಿಸಲಿ?

ಸೈಕಲ್: ಇವತ್ತೇ.