ಗುಲಗಂಜಿ ತೂಕದ ಗುಮಾನಿ

ನಂಜನಗೂಡಿನಲ್ಲಿ ಹಲ್ಲುಪುಡಿ ಕದ್ದವನು ಬಚಾವಾಗುವುದು ಕಷ್ಟ. ಪೇಸ್ಟಾದರೆ ಟ್ಯೂಬನ್ನು ಹಿಂದಿನಿಂದ ಒತ್ತಿ, ಹೊಟ್ಟೆ ಉಬ್ಬಿಸಿ ಇಟ್ಟುಬಿಡಬಹುದು. ಬಿ.ವಿ. ಪಂಡಿತರು 1913ರಲ್ಲಿ ಶುರುಮಾಡಿದ ಸದ್ವೈದ್ಯಶಾಲೆಯ ಗುಲಾಬಿ ಪುಡಿ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಕದ್ದವನ ಬೆರಳು, ಬನಿಯನ್ನು, ಬಚ್ಚಲ ಕಲ್ಲು ಎಲ್ಲವೂ ಸೇರಿ ಸಾಕ್ಷಿ ಹೇಳುತ್ತವೆ. ತೊಂದರೆ ಏನೆಂದರೆ, ಮೂವರಿರುವ ರೂಮಿನಲ್ಲಿ ಬೆಳಗಾದರೆ ಮೂವರ ಬೆರಳೂ ಗುಲಾಬಿ!

ಇಂಡಸ್ಟ್ರಿಯಲ್ ಏರಿಯಾದ ಕೆಲಸಕ್ಕೆ ಬಂದು ರೂಮು ಹಂಚಿಕೊಂಡ ಹುಡುಗರ ಪಾಡೇ ಬೇರೆ. ಒಬ್ಬನಿಗೆ ಫಸ್ಟ್ ಶಿಫ್ಟು, ಇನ್ನೊಬ್ಬನಿಗೆ ಸೆಕೆಂಡು, ಮತ್ತೊಬ್ಬನಿಗೆ ನೈಟು. ಒಬ್ಬ ಹಲ್ಲುಜ್ಜುವಾಗ ಇನ್ನೊಬ್ಬ ಹಾಸಿಗೆ ಬಿಡಿಸುತ್ತಿರುತ್ತಾನೆ. ಜಗಳ ಆಡಬೇಕೆಂದರೂ ಎದುರಾಳಿ ಎದುರಿಗೆ ಸಿಗಬೇಕಲ್ಲ? ಸಿಗದಿದ್ದಾಗ ಮನಸ್ಸು ಜಗಳ ಬಿಟ್ಟು ಗುಮಾನಿಗೆ ಕೈ ಹಾಕುತ್ತದೆ.

ಕೊಬ್ಬರಿ ಎಣ್ಣೆಯ ಬಾಟ್ಲಿಯನ್ನೇ ನೋಡಿ. ಎಣ್ಣೆಯ ಒಡೆಯ ಒಂದು ರಾತ್ರಿ ಬಾಲ್‌ಪೆನ್ನಿನಲ್ಲಿ ಮಟ್ಟಕ್ಕೆ ಸರಿಯಾಗಿ ಗೀಟು ಎಳೆದಿಟ್ಟ. ವಾರ ಕಳೆದು ನೋಡಿದರೆ ಎಣ್ಣೆ ಗೀಟಿಗೆ ಸರಿಯಾಗೇ ಇದೆ; ಆದರೆ ಗೀಟೇ ಒಂದು ಬೆರಳು ಕೆಳಗಿಳಿದಿದೆ. ಹಳೆಯ ಗೀಟನ್ನು ಯಾರೋ ಎಂಜಲು ಹಚ್ಚಿ ಒರೆಸಿದ ಗುರುತು ಬೇರೆ.

“ಏನ್ಲಾ ಮಗ, ಎಣ್ಣೆ ಯಾಕ್ಲಾ ಕಮ್ಮಿ ಆಗದೆ?”

“ಚಳಿಗೆ ಗಟ್ಟಿ ಆಗದೆ ಕನ್ಲಾ, ಅದುಕ್ಕೆ ಕುಗ್ಗದೆ.”

ಇದು ನಡೆದದ್ದು ಬಿರುಬೇಸಗೆಯಲ್ಲಿ.

ಇನ್ನು ಟಿ. ನರಸೀಪುರದ ಕಡೆ ಬನ್ನಿ. ತಿರುಮಕೂಡಲಿನಲ್ಲಿ ಕಾವೇರಿ ಕಾಣುತ್ತಾಳೆ, ಕಪಿಲೆ ಕಾಣುತ್ತಾಳೆ. ಮೂರನೆಯದಾದ ಸ್ಫಟಿಕ ಸರೋವರ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಇದೆ ಎಂದು ನಂಬಿ ಮುಳುಗು ಹಾಕಬೇಕು. 1989ರಿಂದ ಕುಂಭಮೇಳ ನಡೆಸಿಕೊಂಡು ಬಂದಿರುವುದೂ ಈ ಮೂವರ ಲೆಕ್ಕದಲ್ಲೇ. ಪ್ರತಿ ರೂಮಿನಲ್ಲೂ ಇಂಥ ಒಬ್ಬ ಸ್ಫಟಿಕ ಸರೋವರ ಇದ್ದೇ ಇರುತ್ತಾನೆ. ಬಾಡಿಗೆ ಪಟ್ಟಿಯಲ್ಲಿ ಅವನ ಹೆಸರಿದೆ. ಪಾತ್ರೆ ತೊಳೆಯುವ ದಿನ ನಾಪತ್ತೆ, ಸಿಲಿಂಡರ್ ಖಾಲಿಯಾದ ದಿನ ಊರಿಗೆ ಹೋಗಿರುತ್ತಾನೆ. ಕೋಳಿ ಸಾರು ಮಾಡಿದ ರಾತ್ರಿ ಮಾತ್ರ ತಟ್ಟೆ ಮೂರಾಗುತ್ತದೆ.

ಅದೇ ಊರಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಗುಲಗಂಜಿ ತೂಕದಷ್ಟು ಹೆಚ್ಚು ಎನ್ನುವುದು ನಂಬಿಕೆ. ರೂಮಿನ ಹುಡುಗರೂ ಈ ದೇವರ ಒಕ್ಕಲೇ ಇರಬೇಕು. ಅಡ್ವಾನ್ಸಿನ ಸಾವಿರಾರು ರೂಪಾಯಿಯನ್ನು ಬಾಯಿಮಾತಿನಲ್ಲೇ ಬಿಡುವವರು, ಅರ್ಧ ಲೀಟರ್ ಹಾಲಿನಲ್ಲಿ ಯಾರು ಎಷ್ಟು ಕುಡಿದರು ಎಂಬುದನ್ನು ಗುಲಗಂಜಿ ಇಟ್ಟೇ ತೂಗುತ್ತಾರೆ. ಅಗ್ರಿಮೆಂಟು ಹನ್ನೊಂದು ತಿಂಗಳದ್ದು, ಅದರಲ್ಲಿರುವುದು ಒಬ್ಬನದೇ ಹೆಸರು. ಆ ಒಬ್ಬನಿಗೆ ಮೂರನೇ ತಿಂಗಳಿಂದ ಓನರ್ ಗತ್ತು ಬರುತ್ತದೆ ಎನ್ನುವುದೂ ಸುಳ್ಳಲ್ಲ.

2023ರಲ್ಲಿ ಗೃಹಜ್ಯೋತಿ ಬಂದಾಗ ಕರೆಂಟಿನ ಜಗಳವಾದರೂ ತಪ್ಪಿತು ಅಂದುಕೊಂಡೆವು. ಅದು ಹೆಚ್ಚಿತು, ಸ್ವಾಮಿ. 200 ಯೂನಿಟ್ ದಾಟಿದರೆ ಬಿಲ್ಲು ಪೂರ್ತಿ ಕಟ್ಟಬೇಕು. ಅದರೊಳಗಿದ್ದರೂ ಮನೆಗೆ ಗೊತ್ತುಮಾಡಿದ ಯೂನಿಟ್ ಮೀರಿದರೆ ಮೀರಿದ್ದಕ್ಕೆ ದುಡ್ಡು. ಬಿಲ್ಲು ಸೊನ್ನೆ ಬಂದ ತಿಂಗಳು ಯಾರೂ ಯಾರಿಗೂ ಥ್ಯಾಂಕ್ಸ್ ಹೇಳುವುದಿಲ್ಲ. ನಲವತ್ತು ರೂಪಾಯಿ ಬಂತೋ, ಶುರು ವಿಚಾರಣೆ: ಬಕೆಟ್ಟಿಗೆ ಕಾಯಿಲ್ ಹಾಕಿ ಮರೆತವನು ಯಾರು? ಅಂಗಿ ಇಸ್ತ್ರಿ ಮಾಡಿದ್ದು ಯಾರ ಹುಡುಗಿಗೋಸ್ಕರ? ಹಗಲೆಲ್ಲ ಫ್ಯಾನ್ ಹಾಕಿಕೊಂಡು ಮಲಗುವ ನೈಟ್ ಶಿಫ್ಟಿನವನು ಹೇಗಿದ್ದರೂ ಒಂದನೇ ಆರೋಪಿ.

ರಸಬಾಳೆ ತಂದವನ ಪಾಡಂತೂ ಬೇಡ. ಪನಾಮ ಸೊರಗು ರೋಗಕ್ಕೆ ಸಿಕ್ಕಿ ತೋಟಗಳು ಕಮ್ಮಿಯಾಗಿ ಹಣ್ಣು ದುಬಾರಿಯಾಗಿದೆ. ಬಚ್ಚಿಟ್ಟುಕೊಂಡು ತಿನ್ನೋಣವೆಂದರೆ ಸೂಟ್‌ಕೇಸಿನೊಳಗಿಂದಲೂ ಘಮ ಬಾಗಿಲ ತನಕ ಬರುತ್ತದೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ನೋಡಲು ನೆಂಟರು ಬಂದು ಇದೇ ಹತ್ತಡಿ ರೂಮಿನಲ್ಲಿ ಇಳಿದರೆ, ಟವೆಲ್ಲು, ಚಾರ್ಜರು, ಚಪ್ಪಲಿ ಎಲ್ಲಕ್ಕೂ ಕಾಲು ಬರುತ್ತವೆ. ನೆಂಟರು ಹೊರಟ ಮೇಲೆ ಕಳವಿನ ಅಪವಾದ ಹೊರುವವನು ಮಾತ್ರ ರೂಮಿನವನೇ.

ನನ್ನ ಕೇಳಿದರೆ, ಕದಿಯುವವರಿಗಿಂತ ಕೇಳದೆ ಇರುವವರದೇ ಕಾಟ ಜಾಸ್ತಿ. ಮೂರೇ ಜನರ ರೂಮಿಗೊಂದು ವಾಟ್ಸಾಪ್ ಗ್ರೂಪು, ಅದರಲ್ಲಿ “ಕೆಲವರಿಗೆ ನಾಚಿಕೆ ಇರಬೇಕು” ಎಂದೊಂದು ಮೆಸೇಜು. ಅದಕ್ಕೆ ಆ ಕೆಲವರೇ ಹೆಬ್ಬೆಟ್ಟು ಒತ್ತಿರುತ್ತಾರೆ! ಇದರ ಬದಲು ಗೋಡೆಯ ಮೊಳೆಗೆ ಒಂದು ನೋಟ್‌ಬುಕ್ ನೇತುಹಾಕಿ, ಹಾಲು, ಗ್ಯಾಸು, ಕರೆಂಟು ಅಂತ ಅಲ್ಲೇ ಬರೆದಿಡಿ. ತಿಂಗಳ ಮೊದಲ ಭಾನುವಾರ ಚುಕ್ತಾ ಮಾಡಿ. ಮೀಟರನ್ನೂ ಅವತ್ತೇ ಮೂವರೂ ನಿಂತು ನೋಡಿ. ಅಡ್ವಾನ್ಸಿನಲ್ಲಿ ಯಾರ ಪಾಲೆಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಮೂವರೂ ಸೈನ್ ಹಾಕಿ.

ಹಲ್ಲುಪುಡಿಯ ವಿಷಯವನ್ನಂತೂ ದಯವಿಟ್ಟು ಗ್ರೂಪಿಗೆ ಹಾಕಬೇಡಿ. ಅವನು ಪಕ್ಕದ ಚಾಪೆಯಲ್ಲೇ ಮಲಗಿದ್ದಾನೆ, ಎಬ್ಬಿಸಿ ಕೇಳಿ. ನೈಟ್ ಶಿಫ್ಟ್ ಮುಗಿಸಿ ಬಂದವನಾದರೆ ಮಾತ್ರ ಸಾಯಂಕಾಲ ನಾಲ್ಕು ಗಂಟೆಯವರೆಗೆ ತಡೆದುಕೊಳ್ಳಿ.