ಬಿರಡೆ ಕಾಸು

ನಂದಗುಡಿ ಹೋಬಳಿಯವನಿಗೂ ಹಡಗಿಗೂ ಎಲ್ಲಿಯ ನಂಟು? ಸಾವಿರ ಅಡಿಯೊಳಗೆ ಬೋರ್‌ವೆಲ್‌ನಲ್ಲಿ ನೀರು ಬಿದ್ದರೆ ನಾವು ಪೂಜೆ ಮಾಡಿ ಸಿಹಿ ಹಂಚುವ ಜನ. ನಮ್ಮೂರು ನಂದರಾಜರ ರಾಜಧಾನಿಯಾಗಿತ್ತು ಅಂತ ಐತಿಹ್ಯವೇನೋ ಇದೆ. ಆ ರಾಜರೂ ಕೆರೆಗಿಂತ ದೊಡ್ಡ ನೀರು ಕಂಡಿದ್ದರೋ ಇಲ್ಲವೋ. ಹೀಗಿರುವಾಗ ಅಮೆರಿಕದಲ್ಲಿರುವ ಮಗ ಫೋನ್ ಮಾಡಿ, "ಅಪ್ಪಾ, ಮಯಾಮಿಯಿಂದ ನಾಲ್ಕು ದಿನ ಹಡಗಲ್ಲಿ ಹೋಗಿಬರೋಣ. ಬರ್ತಾ ಊರಿಂದ ಎರಡು ಬಾಟ್ಲಿ ವೈನ್ ತಗೊಂಬನ್ನಿ" ಅಂದ.

ವೈನ್! ನಮ್ಮ ಚಪ್ಪರದಲ್ಲಿ ಮೂವತ್ತು ವರ್ಷದಿಂದ ಬೆಂಗಳೂರು ಬ್ಲೂ ದ್ರಾಕ್ಷಿ ತೂಗುತ್ತಿದೆ. ಹಿಸುಕಿದರೆ ಸಿಪ್ಪೆಯಿಂದ ತಿರುಳು ಜಾರಿ ಬಾಯಿಗೆ ಬೀಳುವ, ಘಮ್ಮೆನ್ನುವ ಹಣ್ಣು. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಮಂಡಿಯ ದಲ್ಲಾಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಹಣ್ಣು ಬೆಳೆದೆವು, ತಿಂದೆವು, ಮಾರಿದೆವು. ಅದರ ರಸ ಹುಳಿಯಾಗಿ ಏನಾಗುತ್ತದೆ ಅಂತ ವಿಚಾರಿಸಲಿಲ್ಲ. ಮಗನಿಗೆ ಬೇಕಾಗಿದ್ದದ್ದೂ ಇದರದ್ದಲ್ಲ. ದೊಡ್ಡಬಳ್ಳಾಪುರದ ಕಡೆ, ನಂದಿ ಬೆಟ್ಟದ ತಪ್ಪಲಲ್ಲಿ, 1988ರಲ್ಲಿ ಶುರುವಾದ ಗ್ರೋವರ್ ತೋಟದ ಫ್ರೆಂಚ್ ತಳಿ ದ್ರಾಕ್ಷಿಯದ್ದು. ಬಾಟಲಿ ಮನೆಗೆ ಬಂದಾಗ ನಮ್ಮಾಕೆ ಹೊಸಿಲಲ್ಲೇ ತಡೆದಳು. ರಾಜ್ಯದ ವೈನ್ ಮಂಡಳಿ ಇರುವುದು ತೋಟಗಾರಿಕೆ ಇಲಾಖೆಯ ಕೆಳಗೆ ಅಂತ ವಿವರಿಸಿದೆ. "ಅಂಗಾದ್ರೆ ಈರುಳ್ಳಿ ಬುಟ್ಟಿ ಪಕ್ಕ ಇಡ್ರೀ" ಅಂದಳು. ದೇವರ ಮನೆಯಿಂದ ಅದೇ ದೂರದ ಜಾಗ.

ವಿಮಾನದಲ್ಲಿ ತೊಂದರೆಯಾಗಲಿಲ್ಲ. ಶೇಕಡಾ 24ಕ್ಕಿಂತ ಕಡಿಮೆ ಮದ್ಯಸಾರದ್ದನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಕಳಿಸಲು ಅಡ್ಡಿಯಿಲ್ಲವಂತೆ. ಎರಡನ್ನೂ ನನ್ನ ಹಳೇ ಪಂಚೆಗಳಲ್ಲಿ ಸುತ್ತಿದೆ. ಜೊತೆಗೆ ನಮ್ಮಾಕೆಯ ಮಾವಿನಕಾಯಿ ಉಪ್ಪಿನಕಾಯಿ. ಬಾಯಿಗೆ ಬಟ್ಟೆ ಬಿಗಿದು ದಾರ ಸುತ್ತಿದ ಜಾಡಿ.

ಹಡಗಿನ ಕಾನೂನು ಮಗ ಹೇಳಿದ. ಇಪ್ಪತ್ತೊಂದು ತುಂಬಿದವರು ತಲಾ ಒಂದು ಬಾಟಲಿ ವೈನ್ ತರಬಹುದು, 750 ಮಿಲಿಲೀಟರಿನದು. ಹತ್ತುವ ದಿನವೇ ತರಬೇಕು, ಸೀಲ್ ಒಡೆದಿರಬಾರದು, ಕೈಚೀಲದಲ್ಲೇ ಇರಬೇಕು. ಹಾಗಾಗಿ ಜನ್ಮದಲ್ಲಿ ಮುಟ್ಟದ ನಮ್ಮಾಕೆಯ ಪಾಲಿಗೂ ಒಂದು ಬಾಟಲಿ ಬಂತು. ಸೆರಗು ಮುಚ್ಚಿಕೊಂಡು, ಕೋಳಿ ಕದ್ದವರ ಹಾಗೆ ಸಾಲಿನಲ್ಲಿ ನಿಂತಳು. ಬ್ರಾಂದಿ, ವಿಸ್ಕಿಗೆ ಮಾತ್ರ ಪ್ರವೇಶವಿಲ್ಲ. ಸಿಕ್ಕಿಬಿದ್ದರೆ ಕಿತ್ತುಕೊಳ್ಳುತ್ತಾರೆ. ಅದಕ್ಕೇ ಬಾಯಿ ಮುಕ್ಕಳಿಸುವ ಔಷಧಿ ಬಾಟಲಿಗೆ ವೋಡ್ಕಾ ಸುರಿದು, ಹಸಿರು ಬಣ್ಣ ಬೆರೆಸಿ ತರುವ ಪುಣ್ಯಾತ್ಮರಿದ್ದಾರಂತೆ. ಹೊಸಕೋಟೆ ಸಂತೆಗೆ ಹಾಲು ತರುತ್ತಿದ್ದ ನಮ್ಮಜ್ಜ ಇದನ್ನು ಕೇಳಿದ್ದರೆ, ನೀರು ಬೆರೆಸಿದ್ದಕ್ಕೆ ತಾನು ಪಟ್ಟ ಪಶ್ಚಾತ್ತಾಪವನ್ನೆಲ್ಲ ವಾಪಸ್ ತಗೊಳ್ಳುತ್ತಿದ್ದ.

ತಪಾಸಣೆಯವನು ಎರಡು ಬಾಟಲಿಯನ್ನೂ ನೋಡಿ, ನಕ್ಕು, ಒಳಗೆ ಬಿಟ್ಟ. ಜಾಡಿಯ ಮುಂದೆ ನಿಂತುಬಿಟ್ಟ. ಅಂಗಡಿಯಲ್ಲಿ ಕೊಂಡ, ಸೀಲ್ ಇರುವ ತಿಂಡಿ ಪರವಾಗಿಲ್ಲ. ಮನೆಯಲ್ಲಿ ಮಾಡಿದ್ದು ಕೂಡದು. ನಮ್ಮಾಕೆ ದಾರದ ಗಂಟು ತೋರಿಸಿ, "ಇದುಕ್ಕಿಂತ ಸೀಲ್ ಬೇಕೇನಪ್ಪಾ?" ಅಂದಳು, ಕನ್ನಡದಲ್ಲೇ. ಅವನಿಗೆ ಅರ್ಥವಾಯಿತು ಅನ್ನಿಸುತ್ತದೆ. ಮುಖ ತಗ್ಗಿಸಿಕೊಂಡೇ ಜಾಡಿಯನ್ನು ಕಸದ ಡಬ್ಬಿಗೆ ಇಳಿಸಿದ. ಹೆಂಡಕ್ಕೆ ಬಾಗಿಲು ತೆಗೆದು ಉಪ್ಪಿನಕಾಯಿಯನ್ನು ಹೊರಗೆ ಹಾಕುವ ಲೋಕ ಇದು ಅಂತ ಅವಳು ಎರಡು ದಿನ ಮಾತಾಡಲಿಲ್ಲ.

ಕೋಣೆಯಲ್ಲಿ ಕುಡಿದರೆ ಖರ್ಚಿಲ್ಲ. ಊಟದ ಹಾಲಿಗೆ ಒಯ್ದರೆ ಬಿರಡೆ ತೆಗೆಯಲು ದುಡ್ಡು. ಅದಕ್ಕೆ ಕಾರ್ಕೇಜ್ ಅಂತ ಹೆಸರು. ನಮ್ಮ ಬಾಟಲಿ, ನಮ್ಮ ಬಾಯಿ, ಅವರಿಗೆ ಕಾಸು! ನನಗೆ ನಮ್ಮೂರ ರಾಗಿ ಮಿಲ್ಲು ನೆನಪಾಯಿತು. ಅಲ್ಲೂ ರಾಗಿ ನಮ್ಮದೇ, ಕೂಲಿ ಅವರದ್ದು. ಆದರೆ ಮಿಲ್ಲಿನವನು ಬೀಸಿಯಾದರೂ ಕೊಡುತ್ತಾನೆ. ಇವನು ತಿರುಪು ತಿರುಗಿಸಿ 'ಟಪ್' ಅನ್ನಿಸಿದ, ಅಷ್ಟೆ. ಹಡಗಿನ ಟಿಕೆಟ್ಟಿನಲ್ಲಿ ಬಿಟ್ಟ ಲಾಭವನ್ನು ಬಾರಿನಲ್ಲಿ ಎತ್ತುತ್ತಾರೆ, ಅದಕ್ಕೇ ಈ ಕಟ್ಟುಪಾಡು ಅಂತ ಮಗ ಸಮಾಧಾನ ಹೇಳಿದ. ಮದುವೆ ಛತ್ರದವರು ಬಾಡಿಗೆ ಕಮ್ಮಿ ಅಂತ ಹೇಳಿ ಪಾತ್ರೆ, ಕರೆಂಟು, ಕಸ ಅಂತ ಎಳೆಯುವುದಿಲ್ಲವೇ, ಹಾಗೆ.

ಮೂರನೇ ರಾತ್ರಿ ಸುತ್ತ ಕಪ್ಪು ನೀರು. ನಂದಿಯ ತಪ್ಪಲಿನ ರಸ ಗಾಜಿನ ಲೋಟಕ್ಕೆ ಬಿತ್ತು. ಒಂದು ಗುಟುಕು ಕುಡಿದೆ. ಒಗರು. ನಮ್ಮ ಬ್ಲೂ ದ್ರಾಕ್ಷಿಯ ಘಮವಿಲ್ಲ. ಮಗ ಅದೇನೋ ಓಕ್ ಮರದ ಪರಿಮಳ ಅಂದ. ನನಗೆ ನೆನೆದ ಮರದ ಹಲಗೆ ಕಂಡಿತು. ಮುಖ ಕಿವಿಚಿದ್ದನ್ನು ನಮ್ಮಾಕೆ ನೋಡಿದಳು. ಮಾತಿಲ್ಲದೆ ಪರ್ಸಿನ ತಳಕ್ಕೆ ಕೈ ಹಾಕಿ, ವಿಮಾನದ ಊಟದಲ್ಲಿ ಕೊಟ್ಟಿದ್ದ ಉಪ್ಪಿನಕಾಯಿಯ ಎರಡು ಪುಟ್ಟ ಪ್ಯಾಕೆಟ್ ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟಳು.

"ಸೀಲ್ ಐತೆ, ನೋಡ್ಕಳ್ಳಿ" ಅಂದಳು.